ಅಳೆಯದೇ ಬರೆದ ಅಂಕಿ

ಇಪ್ಪತ್ತೆರಡು ವರ್ಷದಿಂದ ಬೇರೆಯವರ ಲೆಕ್ಕ ತಾಳೆ ನೋಡುವುದೇ ನನ್ನ ಕೆಲಸ. ಅಂಕಿಗಳು ಒಂದರ ಕೆಳಗೊಂದು ಕಂಡರೆ ಕೂಡಿ ನೋಡದೆ ಇರಲಾರೆ. ಹಾಗಾಗಿ ನನ್ನ ರಕ್ತಪರೀಕ್ಷೆಯ ರಿಪೋರ್ಟ್ ಬಂದಾಗ ಗಾಬರಿಯಾಗುವ ಮೊದಲೇ ಪೆನ್ನು ಹಿಡಿದಿದ್ದೆ.

ಒಟ್ಟು ಕೊಲೆಸ್ಟ್ರಾಲ್ 262. ಅದರೊಳಗೆ ಒಳ್ಳೆಯದು ಅನ್ನುವ ಎಚ್‌ಡಿಎಲ್ 48, ಕೆಟ್ಟದ್ದು ಅನ್ನುವ ವಿಎಲ್‌ಡಿಎಲ್ 26, ಎಲ್‌ಡಿಎಲ್ 188. ಮೂರನ್ನೂ ಕೂಡಿದೆ. ಸರಿಯಾಗಿ 262! ಅಳೆದ ಅಂಕಿಗಳು ಇಷ್ಟು ಚೆನ್ನಾಗಿ ತಾಳೆಯಾದರೆ ಲೆಕ್ಕದವರಿಗೆ ಖುಷಿಯಾಗುವುದಿಲ್ಲ, ಅನುಮಾನ ಬರುತ್ತದೆ. ಮೇಲೆ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು, 130 ಅಂತ ಇತ್ತು. ಅದನ್ನು ಐದರಿಂದ ಭಾಗಿಸಿದರೆ 26, ವಿಎಲ್‌ಡಿಎಲ್ ಮುಂದೆ ಬರೆದಿದ್ದ ಅದೇ ಅಂಕಿ. ಅಲ್ಲಿಗೆ ಗುಟ್ಟು ರಟ್ಟಾಯಿತು. ನನ್ನ ಎಲ್‌ಡಿಎಲ್ ಅನ್ನು ಯಾರೂ ಅಳೆದಿರಲೇ ಇಲ್ಲ. ಒಟ್ಟಿನಲ್ಲಿ ಮಿಕ್ಕೆರಡನ್ನು ಕಳೆದು ಉಳಿದದ್ದನ್ನು ಬರೆದಿದ್ದರು.

ಮೋಸವೇನಲ್ಲ. ಫ್ರೀಡ್‌ವಾಲ್ಡ್ ಎನ್ನುವವರು 1972ರಲ್ಲಿ ಕೊಟ್ಟ ಸೂತ್ರ ಇದು. ಎಷ್ಟೋ ಲ್ಯಾಬ್‌ಗಳಲ್ಲಿ ಇವತ್ತಿಗೂ ನಡೆಯುತ್ತದೆ. ಆದರೆ ಟ್ರೈಗ್ಲಿಸರೈಡ್ 400 ದಾಟಿದರೆ ಇದು ಕೈಕೊಡುತ್ತದೆ.

ನನಗೆ ಕೊಲೆಸ್ಟ್ರಾಲ್ ಜಾಸ್ತಿ ಅಂದರೆ ಯಾರೂ ನಂಬುತ್ತಿರಲಿಲ್ಲ. ಕಡ್ಡಿಯ ಹಾಗಿದ್ದೇನೆ. ಡಾಕ್ಟರ್ ಏನು ತಿನ್ನುತ್ತೀರಿ ಅಂತ ಕೇಳುತ್ತಾರೆ ಅಂದುಕೊಂಡು ಉತ್ತರ ಸಿದ್ಧ ಮಾಡಿಕೊಂಡೇ ಹೋಗಿದ್ದೆ. ಅವರು ಕೇಳಿದ್ದು, "ನಿಮ್ಮ ತಂದೆಗೆ ಹಾರ್ಟ್ ಅಟ್ಯಾಕ್ ಆದಾಗ ಎಷ್ಟು ವಯಸ್ಸು?" ಐವತ್ತೊಂದು. ಅಪ್ಪನೂ ಕಡ್ಡಿಯ ಹಾಗೇ ಇದ್ದರು. ಮನೆಯ ಗಂಡಸರಿಗೆ 55ರೊಳಗೆ, ಹೆಂಗಸರಿಗೆ 65ರೊಳಗೆ ಹೃದಯದ ಕಾಯಿಲೆ ಬಂದಿದ್ದರೆ ಅದನ್ನು ಬೇಗ ಬಂದದ್ದು ಅಂತಲೇ ಲೆಕ್ಕ ಹಿಡಿಯುತ್ತಾರಂತೆ. ಅಪ್ಪನ ಸಾವನ್ನು ನಾವೆಲ್ಲ ಇಷ್ಟು ವರ್ಷ ಟೆನ್ಷನ್ ಮೇಲೆ ಹಾಕಿಕೊಂಡು ಬಂದಿದ್ದೆವು.

ನಾನು ಜಮಾ ಕಡೆ ಮಾತ್ರ ನೋಡುತ್ತಿದ್ದೆ. ಬಾಯಿಗೆ ಹೋದದ್ದೇ ರಕ್ತಕ್ಕೆ ಬರುತ್ತದೆ ಅಂತ. ಅಸಲಿಗೆ ಮೈಯಲ್ಲಿರುವ ಕೊಲೆಸ್ಟ್ರಾಲ್‌ನ ಹೆಚ್ಚಿನ ಪಾಲನ್ನು ಮೈಯೇ ತಯಾರಿಸಿಕೊಳ್ಳುತ್ತದೆ. ಜೀವಕೋಶದ ಪೊರೆಗೆ ಬೇಕು, ಹಾರ್ಮೋನಿಗೆ ಬೇಕು, ಪಿತ್ತರಸಕ್ಕೂ ಬೇಕು. ತೊಂದರೆ ಇರುವುದು ಖರ್ಚಿನ ಕಡೆ. ಎಲ್‌ಡಿಎಲ್ ಅಂದರೆ ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಸಣ್ಣ ಕಣಗಳು. ಅವನ್ನು ಹಿಡಿದು ಒಳಗೆಳೆದುಕೊಳ್ಳಲು ಯಕೃತ್ತಿನ ಜೀವಕೋಶಗಳ ಮೇಲೆ ಕೊಕ್ಕೆಗಳ ಹಾಗೆ ರಿಸೆಪ್ಟರ್‌ಗಳಿರುತ್ತವೆ. ಇದನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಕೆಲವರಿಗೆ ಈ ಕೊಕ್ಕೆಗಳು ಹುಟ್ಟಿನಿಂದಲೇ ಕಮ್ಮಿ, ಇಲ್ಲವೇ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ಕಣಗಳು ವಸೂಲಾಗದ ಬಾಕಿಯ ಹಾಗೆ ರಕ್ತದಲ್ಲೇ ಸುತ್ತುತ್ತವೆ. ಸುತ್ತುತ್ತಾ ಸುತ್ತುತ್ತಾ ರಕ್ತನಾಳದ ಗೋಡೆಯೊಳಗೆ ಸೇರಿಕೊಳ್ಳುತ್ತವೆ. ಅಲ್ಲಿ ಊತ ಶುರುವಾಗಿ, ವರ್ಷಗಟ್ಟಲೆ ಗಡ್ಡೆಯಂತೆ ಬೆಳೆದು, ಒಂದು ದಿನ ಅದು ಒಡೆದರೆ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಹಾರ್ಟ್ ಅಟ್ಯಾಕ್ ಹೆಚ್ಚಾಗಿ ಆಗುವುದು ಹೀಗೆ. ಅಷ್ಟು ವರ್ಷವೂ ನೋವಿಲ್ಲ, ಸುಸ್ತಿಲ್ಲ, ಏನೂ ಇಲ್ಲ.

ಮಾತ್ರೆಗೆ ನಾನು ಒಪ್ಪಲಿಲ್ಲ. ಮೂರು ತಿಂಗಳು ಕೊಡಿ ಅಂದೆ. ಬೆಣ್ಣೆ, ಕರಿದದ್ದು ಬಿಟ್ಟೆ, ದಿನಾ ನಲವತ್ತು ನಿಮಿಷ ನಡೆದೆ. 188 ಇದ್ದದ್ದು 172 ಆಯಿತು. ಅಷ್ಟೇ! ಬೆಣ್ಣೆಯ ಥರದ ಕೊಬ್ಬು ಆ ಕೊಕ್ಕೆಗಳನ್ನೇ ಕಮ್ಮಿ ಮಾಡುತ್ತದೆ, ಹಾಗಾಗಿ ಬಿಟ್ಟದ್ದು ದಂಡವಲ್ಲ. ಆದರೆ ನನ್ನ ಬಾಕಿ ಅಷ್ಟಕ್ಕೆ ತೀರುವಂಥದ್ದಲ್ಲ.

ಕೊನೆಗೆ ಕೊಲೆಸ್ಟ್ರಾಲ್ ಇಳಿಸುವ ಆ ಮಾತ್ರೆ, ಸ್ಟ್ಯಾಟಿನ್, ಶುರು ಮಾಡಿದೆ. ಅದು ಕೆಲಸ ಮಾಡುವ ರೀತಿ ತಿಳಿದ ಮೇಲೆ ಅರ್ಧ ಹೆದರಿಕೆ ಹೋಯಿತು. ಮಾತ್ರೆ ರಕ್ತನಾಳವನ್ನು ತೊಳೆಯುವುದಿಲ್ಲ. ಯಕೃತ್ತು ತಾನೇ ಕೊಲೆಸ್ಟ್ರಾಲ್ ಮಾಡಿಕೊಳ್ಳುವುದನ್ನು ಅದು ತಡೆಯುತ್ತದೆ. ಕೈ ಬರಿದಾದ ಯಕೃತ್ತು ಜಾಸ್ತಿ ಕೊಕ್ಕೆಗಳನ್ನು ಹೊರಗಿಟ್ಟು, ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಸುಮಾರು 6000 ಶಿಲೀಂಧ್ರಗಳನ್ನು ಪರೀಕ್ಷಿಸಿ ಇಂಥ ಮೊದಲ ವಸ್ತುವನ್ನು ಹುಡುಕಿದರು. ಅಷ್ಟು ಬೂಸ್ಟನ್ನು ಒಂದೊಂದಾಗಿ ನೋಡಿದವರ ಬಗ್ಗೆ ನನಗೆ ವಿಶೇಷ ಗೌರವ, ಅದು ಲೆಕ್ಕದವರ ತಾಳ್ಮೆ. ಮೊದಲ ವಾರ ಮೀನಖಂಡ ನೋಯಿತು. ಡಾಕ್ಟರಿಗೆ ಹೇಳಿದೆ, ಅವರು ನೋಡಿ ಮುಂದುವರಿಸಿ ಅಂದರು, ನೋವು ತಾನೇ ಹೋಯಿತು. ಎಂಟು ವಾರಕ್ಕೆ ಎಲ್‌ಡಿಎಲ್ 100. ಇನ್ನೂ ಇಳಿಯಬೇಕಂತೆ.

ರಕ್ತಸಂಬಂಧಿಗಳನ್ನೂ ಪರೀಕ್ಷೆ ಮಾಡಿಸಿ ಅಂದಿದ್ದರು. ತಮ್ಮ ಆರು ತಿಂಗಳು ತಪ್ಪಿಸಿಕೊಂಡ. ಮೊನ್ನೆ ರಿಪೋರ್ಟಿನ ಫೋಟೊ ಕಳಿಸಿ ಫೋನ್ ಮಾಡಿದ.

"ಅಕ್ಕಾ, ಎಲ್‌ಡಿಎಲ್ ಜಾಗ ಖಾಲಿ ಬಿಟ್ಟಿದ್ದಾರೆ. ಮರೆತರು ಅನ್ಸುತ್ತೆ."

ಒಟ್ಟು 251. ಎಚ್‌ಡಿಎಲ್ 34. ಟ್ರೈಗ್ಲಿಸರೈಡ್ 430. ಮರೆತಿರಲಿಲ್ಲ, ಸೂತ್ರ ಕೈಕೊಟ್ಟಿತ್ತು. ಆದರೆ ಒಟ್ಟಿನಲ್ಲಿ ಎಚ್‌ಡಿಎಲ್ ಕಳೆಯುವುದಕ್ಕೆ ಯಾವ ಸೂತ್ರವೂ ಬೇಡ. 217. ಕೆಟ್ಟ ಕಣಗಳೆಲ್ಲ ಸೇರಿ ಹೊತ್ತಿರುವ ಮೊತ್ತ ಅದು. ಟ್ರೈಗ್ಲಿಸರೈಡನ್ನು ಏರಿಸುವ ಇನ್ನೊಂದು ಸಂಗತಿಯೂ ನನಗೆ ಗೊತ್ತಿತ್ತು.

"ಹಿಂದಿನ ರಾತ್ರಿ ಕುಡಿದಿದ್ದೆಯೇನೋ?" ಅಂದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅದೂ ಬರುತ್ತಾ ಇದರಲ್ಲಿ?" ಅಂದ.