ಸ್ಟೀರಿಂಗ್ ಬೇಕೋ, ಗೇಮ್‌ಪ್ಯಾಡ್ ಸಾಕೋ

ರೇಸಿಂಗ್ ಗೇಮ್ ಆಡುವವರಿಗೆ ಒಂದಲ್ಲ ಒಂದು ದಿನ ಸ್ಟೀರಿಂಗ್ ವೀಲಿನ ಆಸೆ ಹತ್ತಿಯೇ ಹತ್ತುತ್ತದೆ. ನನಗೆ ಅದು ಹತ್ತಿದ್ದು ಗೆಳೆಯನ ವರ್ಗಾವಣೆಯ ನೆಪದಲ್ಲಿ. ಅವನು ಕಲಬುರಗಿ ಬಿಟ್ಟು ಹುಬ್ಬಳ್ಳಿಗೆ ಹೊರಟಿದ್ದ. ಸಾಮಾನು ಕಟ್ಟುವಾಗ ಅವನ ಲಾಜಿಟೆಕ್ ಜಿ29 ವೀಲ್ ಮಾರುವ ಮಾತು ಬಂತು. "ಭಾನುವಾರ ನಿಮ್ಮ ಮನ್ಯಾಗ ಇಟ್ಕೊಂಡು ಆಡಿ ನೋಡು. ಮನಸ್ಸಿಗಿ ಬಂದ್ರ ಇಟ್ಕೊ, ಇಲ್ಲಂದ್ರ ರಾತ್ರಿ ವಾಪಸ್ ಕೊಡು" ಅಂದ. ಹೊಸದು ತಗೊಂಡರೆ 20 ಸಾವಿರ ದಾಟುವ ಸಾಮಾನು. ಅವನು ಹೇಳಿದ ರೇಟು ಅದರ ಅರ್ಧಕ್ಕೂ ಕಡಿಮೆ. ಬೇಡ ಅನ್ನಲು ನಾನೇ ಕಾರಣ ಹುಡುಕಬೇಕಿತ್ತು.

ಗೇಮ್‌ಪ್ಯಾಡ್ ಅಂದರೆ ಎರಡೂ ಕೈಯಲ್ಲಿ ಹಿಡಿದು ಬೆರಳಿನಿಂದ ಆಡುವ ಪುಟ್ಟ ಸಾಧನ, ಡ್ರಾಯರಿನಿಂದ ತೆಗೆದು ಸೋಫಾ ಮೇಲೆ ಕೂತರೆ ಆಯಿತು. ತೂಕ 300 ಗ್ರಾಂ ಕೂಡ ಇಲ್ಲ. ವೀಲ್ ಹಾಗಲ್ಲ. ಚಕ್ರವೇ ಎರಡು ಕೆಜಿಗಿಂತ ಜಾಸ್ತಿ, ಪೆಡಲ್‌ಗಳು ಅದಕ್ಕಿಂತ ಭಾರ. ಚಕ್ರವನ್ನು ಮೇಜಿಗೆ ಬಿಗಿಯಬೇಕು. ನನ್ನ ಕಂಪ್ಯೂಟರ್ ಮೇಜಿನ ಹಲಗೆ ತೆಳ್ಳಗಿದೆ, ಬಿಗಿದರೆ ಕಿರಗುಟ್ಟುತ್ತಿತ್ತು. ಕೊನೆಗೆ ಊಟದ ಮೇಜಿಗೇ ಕಟ್ಟಿದೆ. ಕರೆಂಟು ಕೊಟ್ಟ ತಕ್ಷಣ ಚಕ್ರ ತಾನಾಗಿಯೇ ಎಡಕ್ಕೆ, ಬಲಕ್ಕೆ ಗರಗರ ತಿರುಗಿತು. ತನ್ನ ನಡು ಎಲ್ಲಿದೆ ಅಂತ ಅದು ಹೀಗೆ ಗುರುತು ಹಿಡಿದುಕೊಳ್ಳುತ್ತದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. "ಯಾರೂ ಮುಟ್ಟೇ ಇಲ್ಲ, ಹೆಂಗ ತಿರಗ್ತದೋ ಅದು? ಮತ್ತ ಇವತ್ತ ಊಟ ಎಲ್ಲಿ ಮಾಡವ್ರು?"

ಊಟದ ಪ್ರಶ್ನೆಗೆ ಉತ್ತರ ಸುಲಭ, ನೆಲದ ಮೇಲೆ. ತೊಂದರೆ ಕೊಟ್ಟಿದ್ದೂ ಅದೇ ನೆಲ. ನಮ್ಮ ಕಡೆಯ ಹಳೆ ಮನೆಗಳಂತೆ ನಮ್ಮದೂ ಶಹಾಬಾದ್ ಕಲ್ಲಿನ ಹಾಸು. ವರ್ಷಗಟ್ಟಲೆ ಒರೆಸಿ ಒರೆಸಿ ನುಣುಪಾಗಿದೆ. ಜಿ29ರ ಬ್ರೇಕ್ ಪೆಡಲ್ ಒಳಗೆ ಒಂದು ರಬ್ಬರ್ ತುಂಡು ಇರುತ್ತದೆ. ಹಾಗಾಗಿ ಅರ್ಧ ದಾಟಿದ ಮೇಲೆ ಜೋರಾಗಿ ತುಳಿಯಬೇಕು. ಜೋರಾಗಿ ತುಳಿದರೆ ಗಾಡಿ ನಿಲ್ಲುವ ಮೊದಲು ನಾನು ಕೂತ ಗಾಲಿಯ ಕಂಪ್ಯೂಟರ್ ಕುರ್ಚಿ ಹಿಂದಕ್ಕೆ ಓಡುತ್ತಿತ್ತು. ಪೆಡಲ್‌ಗಳು ಮುಂದಕ್ಕೆ, ನಾನು ಹಿಂದಕ್ಕೆ. ಪೆಡಲ್ ಅಡಿಯಲ್ಲಿ ರತ್ನಗಂಬಳಿ ಕಚ್ಚಿ ಹಿಡಿಯುವ ಹಲ್ಲುಗಳಿವೆ, ನಿಜ. ಕಲ್ಲಿನ ಮೇಲೆ ಹಲ್ಲು ಏನು ಮಾಡೀತು? ತೊಗರಿ ತಂದಿದ್ದ ಖಾಲಿ ಗೋಣಿಚೀಲ ಮಡಚಿ ಅಡಿಗೆ ಹಾಕಿದೆ, ಪೆಡಲ್‌ಗಳನ್ನು ಗೋಡೆಗೆ ಒತ್ತಿಟ್ಟೆ, ಗಾಲಿ ಕುರ್ಚಿ ಬಿಟ್ಟು ಕಟ್ಟಿಗೆ ಕುರ್ಚಿ ಎಳೆದುಕೊಂಡೆ. ವೀಲ್ ಪರಿಚಯಿಸುವ ವಿಡಿಯೋಗಳಲ್ಲಿ ಈ ಭಾಗವನ್ನು ಯಾರೂ ತೋರಿಸುವುದಿಲ್ಲ ಬಿಡಿ.

ಮೊದಲು ಹಾಕಿದ್ದು ಅಸೆಟ್ಟೊ ಕೊರ್ಸಾ. ಇಟಲಿಯ ಕುನೋಸ್ ಕಂಪನಿಯವರು 2014ರಲ್ಲಿ ಹೊರತಂದ ಗೇಮ್. ಅದರಲ್ಲಿ ಮೊಂಜಾ ಟ್ರ್ಯಾಕ್ ಆರಿಸಿದೆ. ಉದ್ದನೆಯ ನೇರ ರಸ್ತೆ, ಅದರ ತುದಿಗೆ ಇದ್ದಕ್ಕಿದ್ದಂತೆ ಬಲಕ್ಕೊಂದು, ಎಡಕ್ಕೊಂದು ಬಿಗಿ ತಿರುವು. ಇಲ್ಲಿ ನನಗೆ ವೀಲಿನ ಗುಟ್ಟು ಗೊತ್ತಾಯಿತು. ವೇಗದಲ್ಲಿ ಚಕ್ರ ತಿರುಗಿಸಿದಾಗ ಅದು ಕೈಗೆ ಎದುರು ಒತ್ತುತ್ತದೆ, ನೇರಕ್ಕೆ ಬರಲು ಎಳೆಯುತ್ತದೆ. ನಿಜವಾದ ಕಾರಿನಲ್ಲೂ ಹೀಗೇ ಅಲ್ವಾ? ನಾನು ಜಾಸ್ತಿ ವೇಗದಲ್ಲಿ ತಿರುವಿಗೆ ನುಗ್ಗಿದಾಗ ಆ ಎಳೆತ ಒಮ್ಮೆಲೇ ಹಗುರವಾಯಿತು. ಮುಂದಿನ ಟಯರ್‌ಗಳು ಹಿಡಿತ ಬಿಟ್ಟಿವೆ ಅಂತ ಅರ್ಥ. ಪರದೆಯಲ್ಲಿ ಕಾರು ಹೊರಗೆ ಜಾರುವುದು ಕಾಣುವ ಮೊದಲೇ ಕೈಗೆ ಸುದ್ದಿ ಬಂದಿತ್ತು. ಇದಕ್ಕೆ ಫೋರ್ಸ್ ಫೀಡ್‌ಬ್ಯಾಕ್ ಅನ್ನುತ್ತಾರೆ. ಟಯರಿನ ಮೇಲೆ ಬೀಳುವ ಬಲವನ್ನು ಗೇಮ್ ಲೆಕ್ಕ ಹಾಕುತ್ತದೆ, ಒಳಗಿನ ಮೋಟಾರ್‌ಗಳು ಅದಕ್ಕೆ ತಕ್ಕಂತೆ ಚಕ್ರವನ್ನು ತಿರುಚುತ್ತವೆ.

ಪ್ಯಾಡ್ ಕೂಡ ನಡುಗುತ್ತದೆ. ಎಕ್ಸ್‌ಬಾಕ್ಸ್ ಪ್ಯಾಡಿನಲ್ಲಿ ಬ್ರೇಕ್, ಆಕ್ಸಿಲರೇಟರ್ ಆಗಿ ತೋರುಬೆರಳಿನಿಂದ ಒತ್ತುವ ಟ್ರಿಗರ್‌ಗಳಲ್ಲೂ ಪುಟ್ಟ ಮೋಟಾರ್‌ಗಳಿವೆ, ಬ್ರೇಕ್ ಲಾಕ್ ಆದರೆ ಬೆರಳಿಗೆ ಗೊತ್ತಾಗುತ್ತದೆ. 2020ರಲ್ಲಿ ಪ್ಲೇಸ್ಟೇಷನ್ 5 ಜೊತೆ ಬಂದ ಪ್ಯಾಡಿನಲ್ಲಂತೂ ಟ್ರಿಗರ್ ಬೆರಳಿಗೆ ಎದುರು ಒತ್ತುತ್ತದೆ. ಆದರೆ ಕಾರು ತಿರುಗಿಸಲು ಹೆಬ್ಬೆರಳಿನ ಕೆಳಗಿರುವ ಕಡ್ಡಿಗೆ ಇರುವುದು ಸುಮ್ನೆ ಒಂದು ಸ್ಪ್ರಿಂಗ್. ಟಯರ್ ಹಿಡಿತದಲ್ಲಿದ್ದರೂ, ಬಿಟ್ಟರೂ ಅದರ ಎಳೆತ ಒಂದೇ.

ಇಷ್ಟು ಓದಿ ವೀಲೇ ಗೆದ್ದಿತು ಅಂದುಕೊಳ್ಳಬೇಡಿ. ಅಷ್ಟರಲ್ಲಿ ಅಕ್ಕನ ಮಗ ಬಂದ. ಎಂಟನೇ ಕ್ಲಾಸಿನ ಹುಡುಗ. ಅವನಿಗೆ ಮೊಂಜಾ ಬೇಜಾರು, ಫೋರ್ಜಾ ಹೊರೈಝನ್ 5 ಬೇಕು. 2021ರ ಗೇಮ್ ಅದು. ಮೆಕ್ಸಿಕೋದ ಮರಳು, ಕಾಡು, ಜ್ವಾಲಾಮುಖಿ ಎಲ್ಲ ಕಡೆ ಕಾರು ಹಾರಿಸಿಕೊಂಡು ಹೋಗಬಹುದು. ರಾತ್ರಿ ಕೆಲಸ ಮುಗಿಸಿ ಬಂದು ನಾನು ಆಡುವುದೂ ಬಹುತೇಕ ಅದನ್ನೇ. ಒಂದೇ ರೇಸನ್ನು ಸರದಿ ಮೇಲೆ ಓಡಿಸಿದೆವು. ನನ್ನ ಕೈಯಲ್ಲಿ ವೀಲ್, ಅವನ ಕೈಯಲ್ಲಿ ನನ್ನ ಹಳೆ ಪ್ಯಾಡ್. ಹುಡುಗ ನನಗಿಂತ ಎಷ್ಟೋ ಮುಂಚೆ ಗೆರೆ ದಾಟುತ್ತಿದ್ದ. ನಾನು ಕಾರನ್ನು ಸೀದಾ ಪಾಪಾಸುಕಳ್ಳಿಗೆ ನುಗ್ಗಿಸಿದಾಗ, "ಮಾಮಾ, ನೀ ಸ್ಟೇರಿಂಗ್ ತಿರುಗ್ಸೂದರಾಗ ನಂದು ಎರಡ್ ಟರ್ನಿಂಗ್ ಮುಗೀತಾವ" ಅಂದ.

ಅವನ ಮಾತಿನಲ್ಲಿ ಸುಳ್ಳಿಲ್ಲ. ಜಿ29 ಒಂದು ತುದಿಯಿಂದ ಇನ್ನೊಂದು ತುದಿಗೆ 900 ಡಿಗ್ರಿ ತಿರುಗುತ್ತದೆ, ಅಂದರೆ ಎರಡೂವರೆ ಸುತ್ತು. ಪ್ಯಾಡಿನ ಕಡ್ಡಿಯನ್ನು ಪೂರ್ತಿ ಎಡದಿಂದ ಪೂರ್ತಿ ಬಲಕ್ಕೆ ತಳ್ಳಲು ಹೆಬ್ಬೆರಳಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಹಾಗಂತ ಗೇಮ್ ಆ ತಳ್ಳಾಟವನ್ನು ಇದ್ದಂತೆಯೇ ಟಯರಿಗೆ ಕೊಡುವುದಿಲ್ಲ. ಕೊಟ್ಟರೆ ಕಾರು ಪ್ರತಿ ಸಲ ಗಿರಕಿ ಹೊಡೆಯುತ್ತದೆ. ನಡುವೆ ಒಂದು ಸೋಸುವ ಕೆಲಸ ನಡೆಯುತ್ತದೆ. ವೇಗ ಜಾಸ್ತಿ ಇದ್ದಾಗ ತಿರುವು ಕಡಿಮೆ, ಬೆರಳಿನ ಗಡಿಬಿಡಿಗೆ ಒಂದಿಷ್ಟು ಲಗಾಮು. ಇಂಥ ಗೇಮ್‌ಗಳ ಕಾರುಗಳು ಪ್ಯಾಡಿಗೆ ಹೊಂದುವಂತೆಯೇ ತಯಾರಾಗಿರುತ್ತವೆ. ವೀಲ್ ಹಿಡಿದವನಿಗೆ ಆ ಸಹಾಯ ಕಡಿಮೆ. ಚಕ್ರ ತಿರುಗುವ ಕೋನ 540 ಡಿಗ್ರಿಗೆ ಇಳಿಸಿದ ಮೇಲೆ ನನ್ನ ಓಟ ಸ್ವಲ್ಪ ಸುಧಾರಿಸಿತು. ಹುಡುಗನನ್ನು ಹಿಡಿಯಲು ಮಾತ್ರ ಆಗಲಿಲ್ಲ.

ಮಧ್ಯಾಹ್ನ ಕಾಕಾ ಬಂದರು. ಹೊರಗೆ ಮೇ ತಿಂಗಳ ಕಲಬುರಗಿ ಬಿಸಿಲು, ತಲೆಗೆ ಟವೆಲ್ ಸುತ್ತಿಕೊಂಡಿದ್ದರು. ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ರಿಟೈರ್ ಆದವರು. ಹುಮನಾಬಾದ್ ಮೇಲೆ ಬೀದರಿಗೆ ಹೋಗುವ ರಸ್ತೆ ಅವರಿಗೆ ಕಣ್ಣು ಮುಚ್ಚಿದರೂ ಗೊತ್ತು. "ಕಾಕಾ, ಕೂಡ್ರಿ, ಒಂದು ರೌಂಡ್ ಹೊಡೀರಿ" ಅಂದೆ. ರೇಸ್ ಬೇಡ ಅಂದರು. ಯೂರೋ ಟ್ರಕ್ ಸಿಮ್ಯುಲೇಟರ್ 2 ಹಾಕಿಕೊಟ್ಟೆ. ಬ್ರಿಟನ್ನಿನಲ್ಲಿ ಗಾಡಿಗಳು ನಮ್ಮಂತೆ ಎಡಕ್ಕೇ ಹೋಗುವುದರಿಂದ ಮ್ಯಾಂಚೆಸ್ಟರಿನಿಂದ ಹೊರಡಿಸಿದೆ.

ಅವರು ಮೊದಲು ಮಾಡಿದ್ದು ಕುರ್ಚಿ ಸರಿಸಿಕೊಂಡದ್ದು. ಆಮೇಲೆ "ಎಡಗಡಿ ಕನ್ನಡಿ ಎಲ್ಲದ?" ಅಂತ ಕೇಳಿದರು. ಎಫ್2 ಒತ್ತಿ ಎರಡೂ ಕನ್ನಡಿಗಳನ್ನು ಪರದೆಯ ಮೂಲೆಗಳಲ್ಲಿ ತರಿಸಿದೆ. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ತೀರ್ಪು ಬಂತು. "ಇದು ಪವರ್ ಸ್ಟೇರಿಂಗಪ್ಪ, ಭಾಳ ಹಗರ ಅದ. ನಮ್ಮ ಹಳೀ ಗಾಡಿ ಹಿಡದಿದ್ರ ನಿನ್ನ ರಟ್ಟಿ ಬಿದ್ದು ಹೋಗ್ತಿದ್ವು." ಬ್ರೇಕಿನ ಬಗ್ಗೆ ಮಾತ್ರ ಉಲ್ಟಾ ದೂರು. ಬಸ್ಸಿನಲ್ಲಿ ಗಾಳಿ ಬ್ರೇಕ್, ಕಾಲು ಇಟ್ಟರೆ ಸಾಕು, ಇದೇನು ಇಷ್ಟು ಗಟ್ಟಿ ಅಂತ.

ಗೋದಾಮಿನಲ್ಲಿ ಟ್ರೈಲರನ್ನು ಹಿಂದಕ್ಕೆ ತಗೊಂಡು ನಿಲ್ಲಿಸುವ ಜಾಗ ಬಂತು. ಪ್ಯಾಡಿನಲ್ಲಿ ನಾನು ಅದನ್ನು ಯಾವಾಗಲೂ ಬಿಟ್ಟುಬಿಡುತ್ತೇನೆ. ಕಾಕಾ ಚಕ್ರವನ್ನು ಒಂದು ಸುತ್ತು ತಿರುಗಿಸಿ ಅಲ್ಲೇ ಹಿಡಿದರು, ನಿಧಾನಕ್ಕೆ ಹಿಂದೆ ಬಂದರು, ಅರ್ಧ ಸುತ್ತು ಬಿಚ್ಚಿದರು. ಟ್ರೈಲರ್ ಹೋಗಿ ಕೂತಿತು. ಆಮೇಲೆ ಅವರ ಕೈಗೆ ಪ್ಯಾಡ್ ಕೊಟ್ಟೆ. ಕಡ್ಡಿಯನ್ನು ಎರಡು ಸಲ ಅಲುಗಾಡಿಸಿ, "ಬೆರಳ ಬಿಟ್ರ ನಟ್ಟಗಾಗ್ತದಲ್ಲೋ. ಎಷ್ಟ್ ತಿರುಗ್ಸೀನಿ ಅಂತ ಹೆಂಗ ತಿಳೀಬೇಕು?" ಅಂದರು.

ಅಲ್ಲಿಗೆ ನನಗೆ ಲೆಕ್ಕ ಸ್ಪಷ್ಟವಾಯಿತು. ಯಾವುದು ವೇಗ ಅನ್ನುವ ಪ್ರಶ್ನೆಗೆ ವೀಲ್ ಕೊಳ್ಳುವುದು ದಂಡ. ಕಾರಿನ ಸುದ್ದಿ ಕೈಗೆ ಬರಬೇಕು, ತಿರುವಿನ ಅಳತೆ ಕೈಯಲ್ಲಿ ನಿಲ್ಲಬೇಕು ಅನ್ನುವವರಿಗೆ ಅದು ಬೇಕು. ಅಸೆಟ್ಟೊ ಕೊರ್ಸಾ, ಡರ್ಟ್ ರ್‍ಯಾಲಿ, ಟ್ರಕ್ ಗೇಮ್ ಆಡುವವರಾದರೆ ಕಣ್ಣು ಮುಚ್ಚಿ ತಗೊಳ್ಳಿ. ಟಿವಿಗೆ ಜೋಡಿಸಿ ಆಡುವ ಕನ್ಸೋಲ್ ಇದ್ದವರು ಒಂದು ವಿಷಯ ನೋಡಿಕೊಳ್ಳಬೇಕು: ಜಿ29 ಕಂಪ್ಯೂಟರಿಗೆ ಮತ್ತು ಪ್ಲೇಸ್ಟೇಷನ್‌ಗೆ ಮಾತ್ರ ಕೂಡುತ್ತದೆ. ಎಕ್ಸ್‌ಬಾಕ್ಸ್‌ಗೆ ಅದರ ಜೋಡಿ ಜಿ920 ಬೇರೆಯೇ ಇದೆ. ದುಡ್ಡಿದ್ದವರಿಗೆ ಮೋಟಾರಿಗೇ ಚಕ್ರ ಜೋಡಿಸಿದ ಡೈರೆಕ್ಟ್ ಡ್ರೈವ್ ವೀಲ್‌ಗಳಿವೆ. ಜಿ29ರ ತಿರುಚುವ ಬಲ ಸುಮಾರು 2 ನ್ಯೂಟನ್ ಮೀಟರ್ (ಆ ಬಲದ ಅಳತೆ) ಆದರೆ ಅವುಗಳಲ್ಲಿ ಅಗ್ಗದವೇ 4-5ರ ಆಸುಪಾಸು. ಜಿ29ರಲ್ಲಿ ಮೋಟಾರಿಗೂ ಚಕ್ರಕ್ಕೂ ನಡುವೆ ಇರುವ ಗಿಯರಿನ ಕಟಕಟ ಸದ್ದೂ ಅವುಗಳಲ್ಲಿ ಇರುವುದಿಲ್ಲ. ಆ ಸದ್ದಿಗೆ ನಮ್ಮಪ್ಪ ಪಡಸಾಲೆಯಿಂದ ಎದ್ದು ಒಳಗೆ ಹೋಗಿ ಮಲಗಿದ್ದರು.

ನಾನು ಆಡುವುದು ರಾತ್ರಿ ಒಂದರ್ಧ ಗಂಟೆ. ಅಷ್ಟಕ್ಕಾಗಿ ದಿನಾ ಊಟದ ಮೇಜಿಗೆ ಚಕ್ರ ಬಿಗಿದು, ಚೀಲ ಹಾಸಿ, ಕುರ್ಚಿ ಬದಲಿಸಿ, ಆಮೇಲೆ ಎಲ್ಲ ಬಿಚ್ಚಿಡುವ ಉಸಾಬರಿ ನನ್ನಿಂದ ಆಗದು. ರಾತ್ರಿ ಊಟವಾದ ಮೇಲೆ ವೀಲನ್ನು ಪೆಟ್ಟಿಗೆಗೆ ಹಾಕಿ ಗೆಳೆಯನಿಗೆ ಕೊಟ್ಟು ಬಂದೆ. ನನ್ನ ಪ್ಯಾಡಿನ ಕಡ್ಡಿ ಮುಟ್ಟದಿದ್ದರೂ ಎಡಕ್ಕೆ ವಾಲುವ ಕಾಯಿಲೆ ಹಿಡಿಸಿಕೊಂಡಿತ್ತು. ಅದರ ಬದಲಿಗೆ ಹಾಲ್ ಎಫೆಕ್ಟ್ ಕಡ್ಡಿ ಇರುವ ಹೊಸ ಪ್ಯಾಡ್ ತರಿಸಿದೆ. ಇದರಲ್ಲಿ ಕಡ್ಡಿ ಎಷ್ಟು ವಾಲಿತು ಅನ್ನುವ ಅಳತೆ ನಡೆಯುವುದು ಅಯಸ್ಕಾಂತದ ನೆರವಿನಿಂದ. ಅಳೆಯುವ ಭಾಗಗಳು ಒಂದಕ್ಕೊಂದು ಉಜ್ಜಿ ಸವೆಯುವುದಿಲ್ಲ, ಹಾಗಾಗಿ ವಾಲುವ ಭಯ ಕಡಿಮೆ. ಹಳೆಯದು ಅಕ್ಕನ ಮಗನ ಪಾಲಾಯಿತು. ಡೆಡ್‌ಝೋನ್ (ಕಡ್ಡಿ ಅಲುಗಿದರೂ ಗೇಮ್ ಲೆಕ್ಕಕ್ಕೆ ತಗೊಳ್ಳದ ನಡುವಿನ ಜಾಗ) ಸ್ವಲ್ಪ ಜಾಸ್ತಿ ಮಾಡಿಕೊಟ್ಟಿದ್ದೇನೆ, ಅವನಿಗೆ ನಡೆಯುತ್ತದೆ.

ಕಾಕಾ ಮುಂದಿನ ವಾರ ಫೋನ್ ಮಾಡಿದಾಗ ವೀಲ್ ವಾಪಸ್ ಹೋದ ಸುದ್ದಿ ಹೇಳಿದೆ. "ಹಂಗಾದ್ರ ಆ ಬೆರಳಾಟ ನೀವೇ ಆಡ್ರಪಾ, ನನಗ ಬ್ಯಾಡ" ಅಂದು, ತೊಗರಿ ರೇಟಿನ ಮಾತಿಗೆ ಹೋದರು.