ನೆಲ ಡೊಂಕಲ್ಲ, ಕಾರೂ ಕಮ್ಮಿಯಲ್ಲ

ಟ್ರ್ಯಾಕ್ ಡೇ, ಅಂದರೆ ನಮ್ಮ ನಮ್ಮ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ, ನಡೆಯುವಾಗ ಪಿಟ್‌ನಲ್ಲಿ (ಕಾರು ಒಳಗೆ ಬಂದು ನಿಲ್ಲುವ ಜಾಗದಲ್ಲಿ) ಹತ್ತು ನಿಮಿಷ ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತೆ: "ಇನ್ನೊಂದು ಐವತ್ತು ಹಾರ್ಸ್‌ಪವರ್ ಇದ್ದಿದ್ರೆ ಅವನನ್ನ ಹಿಡಿದುಬಿಡ್ತಿದ್ದೆ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬಾನೆಟ್ ಎತ್ತುವ ಮೊದಲು ಒಂದು ಲೆಕ್ಕ ಹಾಕಿ ನೋಡೋಣ. ಹೈಸ್ಕೂಲಿನ ಭೌತಶಾಸ್ತ್ರ ನೆನಪಿದ್ದರೆ ಸಾಕು.

ಸಮತಟ್ಟಾದ ತಿರುವಿನಲ್ಲಿ ಕಾರು ಎಷ್ಟು ವೇಗ ತಾಳುತ್ತೆ ಅನ್ನೋದನ್ನು ಮುಖ್ಯವಾಗಿ ಎರಡು ಸಂಗತಿ ನಿರ್ಧರಿಸುತ್ತವೆ: ಟೈರಿನ ಹಿಡಿತ ಮತ್ತು ನೀವು ಹಿಡಿದ ದಾರಿಯ ತ್ರಿಜ್ಯ. ಸೂತ್ರ ಇಷ್ಟೇ: ವೇಗದ ವರ್ಗ = ಹಿಡಿತ × ಗುರುತ್ವ ವೇಗೋತ್ಕರ್ಷ × ತ್ರಿಜ್ಯ. ಹಾರ್ಸ್‌ಪವರ್ ಆ ಸೂತ್ರದೊಳಗೆ ಕಾಲೇ ಇಡೋದಿಲ್ಲ. ಹಿಡಿತ (ಘರ್ಷಣಾ ಗುಣಾಂಕ) 0.9 ಅಂತ ಇಟ್ಟುಕೊಳ್ಳಿ. 90 ಡಿಗ್ರಿ ತಿರುವು, ಒಳ ಅಂಚಿನ ತ್ರಿಜ್ಯ 20 ಮೀಟರ್, ಕಾರಿನ ಅಗಲ ಕಳೆದು ಓಡಾಡೋಕೆ 10 ಮೀಟರ್ ಜಾಗ. ನಟ್ಟನಡುವೆ ತಿರುಗಿಸಿದರೆ ತ್ರಿಜ್ಯ 25 ಮೀಟರ್, ವೇಗದ ಮಿತಿ ಗಂಟೆಗೆ 53 ಕಿಮೀ. ಹೊರ ಅಂಚಿನಿಂದ ಶುರುಮಾಡಿ, ನಡುವೆ ಒಳ ಅಂಚನ್ನು ಸವರಿ, ಮತ್ತೆ ಹೊರ ಅಂಚಿಗೆ ಕಾರನ್ನು ಹರಿಯಬಿಟ್ಟರೆ ತ್ರಿಜ್ಯ 54 ಮೀಟರ್, ಮಿತಿ ಹತ್ತಿರ ಹತ್ತಿರ 79. ಅದೇ ಕಾರು, ಅದೇ ಟೈರು, 25 ಕಿಮೀ ಹೆಚ್ಚು. ಇಷ್ಟನ್ನು ಯಾವ ಟರ್ಬೊ ಕೊಡುತ್ತೆ ಹೇಳಿ!

ಈ ಹೊರ-ಒಳ-ಹೊರ ದಾರಿಗೇ ರೇಸಿಂಗ್ ಲೈನ್ ಅನ್ನೋದು. "ಅದು ನಮಗೂ ಗೊತ್ತು" ಅನ್ನಬೇಡಿ. ಗೊತ್ತಿರೋದು ಬೇರೆ, ಅಂಚಿನವರೆಗೆ ಹೋಗೋದು ಬೇರೆ. ಹೊರಗಡೆ ಒಂದು ಮೀಟರ್, ಒಳಗಡೆ ಒಂದು ಮೀಟರ್ ಭಯಕ್ಕೆ ಅಂತ ಬಿಟ್ಟರೆ ಇದೇ ತಿರುವಿನ ತ್ರಿಜ್ಯ 48ಕ್ಕೆ ಇಳಿಯುತ್ತೆ, ವೇಗ 74ಕ್ಕೆ. ಒಂದು ಸುತ್ತಿನಲ್ಲಿ ಹತ್ತು ತಿರುವಿದ್ದರೆ ಹತ್ತು ಕಡೆ ಇದೇ ಸೋರಿಕೆ. ಹೊಸಬರ ವಿಡಿಯೊ ನೋಡುವಾಗ ನಾನು ಮೊದಲು ಗಮನಿಸೋದು ಒಂದೇ: ತಿರುವು ಮುಗಿದಾಗ ಹೊರಗಿನ ಚಕ್ರಕ್ಕೂ ಕರ್ಬ್‌ಗೂ (ಟ್ರ್ಯಾಕಿನ ಅಂಚುಕಟ್ಟಿಗೂ) ನಡುವೆ ಎಷ್ಟು ಡಾಂಬರು ಉಳಿದಿದೆ ಅಂತ.

ಇನ್ನು ತಿರುವಿನಿಂದ ಹೊರಬೀಳುವ ವೇಗ. ಮುಂದೆ 400 ಮೀಟರ್ ನೇರ ದಾರಿ ಇದೆ, ಕಾರಿನ ವೇಗ ಸರಾಸರಿ ಪ್ರತಿ ಸೆಕೆಂಡಿಗೂ ಗಂಟೆಗೆ 7.2 ಕಿಮೀನಷ್ಟು ಏರುತ್ತೆ ಅಂದುಕೊಳ್ಳಿ. 80 ಕಿಮೀನಲ್ಲಿ ಹೊರಬಿದ್ದರೆ ಆ ದೂರಕ್ಕೆ 11.77 ಸೆಕೆಂಡ್, 85ರಲ್ಲಿ ಬಿದ್ದರೆ 11.42. ಈ 0.35 ಸೆಕೆಂಡನ್ನು ಎಂಜಿನ್‌ನಿಂದಲೇ ಗಳಿಸಬೇಕಾದರೆ ಕಾರಿನ ಎಳೆತ ಸುಮಾರು 12% ಹೆಚ್ಚಬೇಕು. 150 ಹಾರ್ಸ್‌ಪವರ್ ಕಾರಿಗೆ ಅದು ಹದಿನೆಂಟಕ್ಕೂ ಮೇಲೆ.

ಆ 5 ಕಿಮೀ ಎಲ್ಲಿ ಕಳೆದುಹೋಗುತ್ತೆ? ಹೆಚ್ಚಿನ ಸಲ, ಸ್ಟೀರಿಂಗನ್ನು ಬೇಗ ತಿರುಗಿಸೋದರಲ್ಲಿ. ಬೇಗ ತಿರುಗಿಸಿದರೆ ಒಳ ಅಂಚು ಬೇಗ ಸಿಗುತ್ತೆ, ಹೊರಬರುವಾಗ ರಸ್ತೆ ಸಾಲದೆ ಬರುತ್ತೆ, ಆಕ್ಸಿಲರೇಟರ್‌ನಿಂದ ಕಾಲು ತಾನಾಗಿ ಮೇಲೇಳುತ್ತೆ. ಅಪಾಯ ಇರೋದೂ ಇಲ್ಲೇ. ತಿರುವಿನ ಮಧ್ಯೆ ಗಬಕ್ಕನೆ ಕಾಲೆತ್ತಿದರೆ ಭಾರ ಮುಂದಕ್ಕೆ ಜಾರಿ ಹಿಂದಿನ ಟೈರು ಹಗುರಾಗುತ್ತವೆ, ಕಾರು ಗಿರಕಿ ಹೊಡೆಯುತ್ತೆ. ಒಮ್ಮೆ ಒತ್ತಿದ ಆಕ್ಸಿಲರೇಟರನ್ನು ಮತ್ತೆ ಬಿಡಬೇಕಾಗಿ ಬಂತು ಅಂದರೆ ಒತ್ತಿದ್ದೇ ಬೇಗ ಆಯ್ತು ಅಂತ ಅರ್ಥ. ಮುಂದಿನ ಸುತ್ತಿನಲ್ಲಿ ಸ್ಟೀರಿಂಗ್ ತಿರುಗಿಸುವ ಜಾಗವನ್ನು ಎರಡು ಮೂರು ಮೀಟರ್ ಮುಂದಕ್ಕೆ ತಳ್ಳಿ, ಕಣ್ಣು ಕರ್ಬ್ ಮೇಲಲ್ಲ, ಅದರಾಚೆಯ ದಾರಿಯ ಮೇಲಿರಲಿ.

ಟೈರಿಗೆ ಇರೋದು ಒಂದೇ ಹಿಡಿತ, ತಿರುಗೋಕೆ ಖರ್ಚಾದದ್ದು ಬ್ರೇಕಿಗೂ ಎಳೆತಕ್ಕೂ ಸಿಗೋದಿಲ್ಲ. ಆದರೆ ಇದು ನೇರ ಕಳೆಯುವ ಲೆಕ್ಕವಲ್ಲ; ತಿರುವಿನ ಬಲ, ಬ್ರೇಕಿನ ಬಲ ಒಂದಕ್ಕೊಂದು ಲಂಬವಾಗಿರೋದರಿಂದ ಪೈಥಾಗೊರಸ್ ಲೆಕ್ಕ. 80% ತಿರುವಿಗೆ ಹೋದಾಗಲೂ ಬ್ರೇಕಿಗೆ 60% ಉಳಿದಿರುತ್ತೆ. ಪಳಗಿದವರು ತಿರುವಿಗೆ ಇಳಿಯುತ್ತಾ ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸೋದು ಈ ಕಾರಣಕ್ಕೆ. ಹೊಸಬರು ಮೊದಲ ದಿನ ಅದಕ್ಕೆ ಕೈ ಹಾಕೋದು ಬೇಡ. ನೇರವಾಗಿದ್ದಾಗಲೇ ಬ್ರೇಕ್ ಮುಗಿಸಿ. ಆದರೆ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಮುಟ್ಟುವವರೆಗೆ ಎರಡೂ ಕಾಲು ಸುಮ್ಮನಿರುವ ಹೊತ್ತನ್ನು ಅಳೆಯಿರಿ. 100 ಕಿಮೀ ವೇಗದಲ್ಲಿ ಒಂದು ಸೆಕೆಂಡ್ ಸುಮ್ಮನಿದ್ದರೆ 28 ಮೀಟರ್ ದಂಡ. ಅಳೆಯೋಕೆ ಸೆಕೆಂಡಿಗೆ ಒಂದೇ ಸಲ ಸ್ಥಾನ ಗುರುತಿಸುವ ಜಿಪಿಎಸ್ ಸಾಲದು; 150 ಕಿಮೀನಲ್ಲಿ ಎರಡು ಗುರುತಿನ ನಡುವೆ 42 ಮೀಟರ್ ಹಾರಿಹೋಗಿರುತ್ತೆ. 10 ಹರ್ಟ್ಸ್‌ನದ್ದು, ಅಂದರೆ ಸೆಕೆಂಡಿಗೆ ಹತ್ತು ಸಲ ಗುರುತಿಸುವಂಥದ್ದು ಬೇಕು.

ಹೆಚ್ಚು ಪವರ್ ಇರುವ ಕಾರು ಈ ತಪ್ಪುಗಳನ್ನೆಲ್ಲ ಮುಚ್ಚಿಹಾಕುತ್ತೆ. ತಿರುವಿನಲ್ಲಿ ಕಳೆದದ್ದನ್ನು ನೇರ ದಾರಿಯಲ್ಲಿ ಬಲಗಾಲು ಒತ್ತಿ ವಾಪಸ್ ತಗೊಂಡಾಗ, ಕಳೆದದ್ದೇ ಗೊತ್ತಾಗೋದಿಲ್ಲ. 80-100 ಹಾರ್ಸ್‌ಪವರ್‌ನ ಪುಟ್ಟ ಕಾರಿನಲ್ಲಿ ಆ ಆಟ ನಡೆಯಲ್ಲ. ಹೋದ ವೇಗ ಹೋದ ಹಾಗೇ, ಸ್ಟಾಪ್‌ವಾಚ್ ಮುಖಕ್ಕೆ ಹೇಳುತ್ತೆ. ಕಲಿಯೋಕೆ ಪುಟ್ಟ ಕಾರೇ ವಾಸಿ ಅನ್ನೋದು ನನ್ನ ಪಕ್ಕಾ ಅಭಿಪ್ರಾಯ. ಇನ್ನೊಂದು ಸುಳಿವು: ತಿರುವಿನಿಂದ ಹೊರಬರುವಾಗ ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಜಾರಿ ತಿರುಗೋದನ್ನು ತಡೆಯುವ ವ್ಯವಸ್ಥೆ) ದೀಪ ಮಿನುಗುತ್ತಿದೆಯಾ? ಹಾಗಾದರೆ ಇರುವ ಪವರನ್ನೇ ನೆಲಕ್ಕೆ ಇಳಿಸಲಾಗುತ್ತಿಲ್ಲ, ಇನ್ನಷ್ಟು ಯಾಕೆ?

ಹೆಚ್ಚು ಪವರ್ ಬ್ರೇಕಿಗೂ ಬಿಲ್ ಕಳಿಸುತ್ತೆ. ತಿರುವಿಗೆ 160 ಕಿಮೀ ಬದಲು 180ರಲ್ಲಿ ಬಂದರೆ ಕಾರಿನಲ್ಲಿರುವ ಚಲನಶಕ್ತಿ 27% ಹೆಚ್ಚು, ಅದೆಲ್ಲ ಶಾಖವಾಗಿ ಡಿಸ್ಕಿಗೆ ಹೋಗಬೇಕು. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನೋದು ನಿಯಮ. ತೇವ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಬೀಳುತ್ತೆ. ಎರಡು ವರ್ಷದ ಹಳೇ ಆಯಿಲ್ ಹಾಕಿಕೊಂಡು ಟ್ರ್ಯಾಕಿಗೆ ಹೋಗೋದು ಹುಚ್ಚುತನ. ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ಆಯಿಲ್ ಕುದ್ದಿದೆ. ಪೆಡಲ್ ಗಟ್ಟಿ ಇದ್ದೂ ಕಾರು ನಿಲ್ಲದಿದ್ದರೆ ಬ್ರೇಕ್ ಪ್ಯಾಡ್ ಕಾದು ಸೋತಿದೆ. ಎರಡರಲ್ಲಿ ಯಾವುದೇ ಆದರೂ, ಕೈ ಎತ್ತಿ ಸೂಚನೆ ಕೊಟ್ಟು ನಿಧಾನಕ್ಕೆ ಒಳಗೆ ಬನ್ನಿ. ಬಿಸಿ ಬ್ರೇಕಿಗೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಕೊಡಿ.

ಟೈರ್ ಗಾಳಿಯಲ್ಲಂತೂ ದುಡ್ಡಿಲ್ಲದೆ ಸಮಯ ಸಿಗುತ್ತೆ. ತಣ್ಣಗಿದ್ದಾಗ 32 ಪಿಎಸ್‌ಐ ಇದ್ದದ್ದು 15-20 ನಿಮಿಷ ಓಡಿದ ಮೇಲೆ 38-40 ಆಗೋದು ಮಾಮೂಲು. ಆಗ ಟೈರಿನ ನಡುಭಾಗ ಉಬ್ಬಿ ಹಿಡಿತ ಕಮ್ಮಿಯಾಗುತ್ತೆ, ಕಾರು ಜಾರೋಕೆ ಶುರುವಾಗುತ್ತೆ, ಜನ ಸಸ್ಪೆನ್ಷನ್‌ಗೆ ಬೈಯುತ್ತಾರೆ. ಒಳಗೆ ಬಂದ ಕೂಡಲೇ, ಟೈರು ಆರುವ ಮುಂಚೆ ಅಳೆದು, ನಾಲ್ಕನ್ನೂ ಬೇಕಾದ ಮಟ್ಟಕ್ಕೆ ಇಳಿಸಿ. ಒಂದು ಕಡೆಯ ತಿರುವುಗಳೇ ಹೆಚ್ಚಿದ್ದರೆ ಆಚೆ ಕಡೆಯ ಟೈರುಗಳು ಹೆಚ್ಚು ಬಿಸಿಯಾಗಿರುತ್ತವೆ, ಎರಡೂ ಕಡೆ ಒಂದೇ ಸಮ ಗಾಳಿ ಬಿಡಬೇಡಿ. ವೀಲ್ ನಟ್‌ಗಳ ಬಿಗಿತವನ್ನು ಟಾರ್ಕ್ ರೆಂಚಿನಿಂದ (ಬಿಗಿತ ಅಳೆಯುವ ಸ್ಪ್ಯಾನರಿನಿಂದ) ಮತ್ತೆ ನೋಡಿ. ಮನೆಗೆ ಹೊರಡುವ ಮುಂಚೆ ಗಾಳಿ ತುಂಬಿಸೋದು ಮರೆಯಬೇಡಿ.

ಹಾಗಾದರೆ ಪವರ್ ಯಾವಾಗ ಕೊಳ್ಳಬೇಕು? ಅಡ್ಡಿಯಿಲ್ಲದ ಐದು ಸುತ್ತಿನ ಸಮಯಗಳ ನಡುವಿನ ವ್ಯತ್ಯಾಸ ಅರ್ಧ ಸೆಕೆಂಡಿನೊಳಗೇ ಇದ್ದು, ಎಲ್ಲ ತಿರುವಿನಲ್ಲೂ ಎರಡೂ ಅಂಚು ಬಳಕೆಯಾಗಿ, ಕಳೆದುಕೊಳ್ಳುತ್ತಿರೋದು ನೇರ ದಾರಿಯಲ್ಲಿ ಮಾತ್ರ ಅಂತ ಡೇಟಾ ತೋರಿಸಿದಾಗ. ಉದ್ದ ನೇರ ದಾರಿಯ ಟ್ರ್ಯಾಕಿನಲ್ಲಿ, ಸರಿಸಮ ಚಾಲಕರ ನಡುವೆ, ಪವರ್ ಇದ್ದವನೇ ಮುಂದೆ, ಅದರಲ್ಲಿ ವಾದವಿಲ್ಲ. ಆದರೆ ಗಾಳಿಯ ತಡೆಯನ್ನು ಗೆದ್ದು 200ರಿಂದ 220ಕ್ಕೆ ಹೋಗೋಕೆ 33% ಹೆಚ್ಚು ಪವರ್ ಬೇಕು, ಆ 220ರಿಂದ ನಿಲ್ಲಿಸೋಕೆ 21% ಹೆಚ್ಚು ಶಾಖವನ್ನು ಬ್ರೇಕು ನುಂಗಬೇಕು. ಎಂಜಿನ್ ಕೆಲಸಕ್ಕೆ ಗಾಡಿ ಬಿಡುವಾಗಲೇ ಪ್ಯಾಡು, ಬ್ರೇಕ್ ಆಯಿಲ್ ಎರಡನ್ನೂ ಪಟ್ಟಿಗೆ ಸೇರಿಸಿಬಿಡಿ.