ಒಂದು ಬೀಗ, ಎರಡು ಕತೆ

ಫೋಟೊಗಳನ್ನು ಜೋಡಿಸಿ ಕತೆ ಕಟ್ಟಿ ಎಂದಾಗ ಎಂಟನೆಯ ತರಗತಿಯ ಮಕ್ಕಳು ಮೊದಲು ಮಾಡಿದ್ದು ನಾನು ಊಹಿಸಿದ್ದನ್ನೇ. ನೆಲದ ಮೇಲೆ ಹರಡಿದ್ದ ಫೋಟೊಗಳಲ್ಲಿ ಕೊಡ, ತಂಬಿಗೆ, ರೊಟ್ಟಿಯ ಹಂಚು ಒಂದು ಕಡೆ ಸೇರಿದವು. ಬಸ್ಸು, ಆಟೊ, ಟ್ರ್ಯಾಕ್ಟರ್ ಇನ್ನೊಂದು ಕಡೆ. ಎಮ್ಮೆ, ನಾಯಿ, ಕೋಳಿ ಮತ್ತೊಂದು ಕಡೆ. ಎಲ್ಲವೂ ಬಹಳ ಅಚ್ಚುಕಟ್ಟು, ಆದರೆ ಕತೆ ಎಲ್ಲಿಯೂ ಇಲ್ಲ. ಒಂದನೆಯ ತರಗತಿಯಿಂದ ‘ಗುಂಪಿಗೆ ಸೇರದ ಪದ’ ಹುಡುಕುತ್ತಲೇ ಬೆಳೆದ ಮಕ್ಕಳು, ಪಾಪ, ಇನ್ನೇನು ಮಾಡಿಯಾರು?

ಕಲಬುರಗಿಯಿಂದ ಆಳಂದಕ್ಕೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ನಾನು ಕನ್ನಡ ಕಲಿಸುತ್ತೇನೆ. ಎಳ್ಳಮಾವಾಸ್ಯೆ ಮುಗಿದಿತ್ತು, ಹೊಲಗಳಲ್ಲಿ ತೊಗರಿ ರಾಶಿ ನಡೆದಿತ್ತು. ಅರ್ಧ ಬೆಂಚುಗಳು ಖಾಲಿ. ಹೊಸ ಪಾಠ ತೆಗೆದರೆ ಬಾರದವರಿಗೆ ಮತ್ತೊಮ್ಮೆ ಮಾಡಬೇಕಾಗುತ್ತಿತ್ತು. ಹಾಗಾಗಿ ಮೊಬೈಲಿನಲ್ಲಿ ಅಲ್ಲಿ ಇಲ್ಲಿ ತೆಗೆದಿದ್ದ ಫೋಟೊಗಳನ್ನು ನಗರದ ಸ್ಟುಡಿಯೋ ಒಂದರಲ್ಲಿ ಪ್ರಿಂಟ್ ಹಾಕಿಸಿ ತಂದಿದ್ದೆ. ಕೋಟೆಯ ತೋಪು, ಶರಣಬಸವೇಶ್ವರರ ತೇರು ಇಂಥವನ್ನು ಬೇಕೆಂದೇ ಬಿಟ್ಟಿದ್ದೆ. ಅವು ಕಂಡರೆ ಮಕ್ಕಳು ಪೀಠಿಕೆ ಹಾಕಿ ಪ್ರಬಂಧ ಶುರು ಮಾಡುತ್ತಾರೆ.

ಗುಂಪುಗಳನ್ನೆಲ್ಲ ಕೆಡಿಸಿ ಹೊಸ ನಿಯಮ ಹೇಳಿದೆ: ಒಂದೇ ಜಾತಿಯ ಎರಡು ಚಿತ್ರ ಒಟ್ಟಿಗೆ ಇರಕೂಡದು. ನಾಲ್ಕೈದು ಚಿತ್ರ ಆರಿಸಿ ಸಾಲಾಗಿ ಇಡಿ. ಒಂದರಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಏನು ನಡೆಯಿತು ಎಂಬುದನ್ನು ಮಾತ್ರ ಹೇಳಿ. ಚಿತ್ರದಲ್ಲಿ ಕಾಣುವುದನ್ನು ಹೇಳಬೇಡಿ, ಅದು ನನಗೂ ಕಾಣುತ್ತದೆ.

ಹಿಂದಿನ ಸಾಲಿನ ಹುಡುಗರು ನಾಯಿಯೊಂದನ್ನು ಟಿಕೆಟ್ ಇಲ್ಲದೆ ಬಸ್ಸು ಹತ್ತಿಸಿ ಎಲ್ಲರನ್ನೂ ನಗಿಸಿದರು. ಅದಿರಲಿ. ನನ್ನ ಮನಸ್ಸು ಹಿಡಿದದ್ದು ಬೀಗದ ಚಿತ್ರ. ಸ್ಟುಡಿಯೋದವರು ಅದರ ಎರಡು ಪ್ರತಿ ಕೊಟ್ಟಿದ್ದರು, ಅವು ಎರಡು ಗುಂಪುಗಳ ಕೈಗೆ ಹೋದವು. ಬಣ್ಣ ಹೋದ ಕಟ್ಟಿಗೆ ಬಾಗಿಲು, ಅದಕ್ಕೊಂದು ಬೀಗ, ಮುಂದೆ ಶಹಾಬಾದ್ ಕಲ್ಲಿನ ಕಟ್ಟೆ, ಇಷ್ಟೇ ಚಿತ್ರ.

ಒಂದು ಗುಂಪು ಅದರ ಪಕ್ಕದಲ್ಲಿ ಹೊಲದಲ್ಲಿ ಕುಳಿತು ಉಣ್ಣುವವರ ಚಿತ್ರ ಇಟ್ಟಿತು. ಮನೆಮಂದಿಯೆಲ್ಲ ಎಳ್ಳಮಾವಾಸ್ಯೆಯ ಚರಗ ಚೆಲ್ಲಲು, ಅಂದರೆ ಹೊಲಕ್ಕೆ ಎಡೆ ಅರ್ಪಿಸಲು, ಹೋಗಿದ್ದಾರೆ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಎಲ್ಲ ಬುಟ್ಟಿಯಲ್ಲಿದೆ, ಬೀಗದ ಕೈ ಅಜ್ಜಿಯ ಸೊಂಟದಲ್ಲಿದೆ. ಕೇಳುತ್ತಿದ್ದವರ ಬಾಯಲ್ಲಿ ನೀರೂರಿತು. ಎರಡನೆಯ ಗುಂಪಿನ ಸಾಲು ಹೀಗಿತ್ತು: ಕೊಯ್ದು ಮುಗಿದ ತೊಗರಿ ಹೊಲ, ಬೀಗ, ಕಲಬುರಗಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್, ಮೊಬೈಲ್ ಅಂಗಡಿ. ರಾಶಿ ಮುಗಿಯಿತು, ಕೂಲಿ ಮುಗಿಯಿತು, ಅಪ್ಪ ಅವ್ವ ಮುಂಬೈಗೆ ಗುಳೆ ಹೋದರು.

“ಮೊಬೈಲ್ ಅಂಗಡಿ ಏಕೆ?” ಎಂದು ಕೇಳಿದೆ.

“ಅವ್ವ ಅಲ್ಲಿಂದ ಫೋನ್ ಮಾಡಬೇಕಲ್ಲ, ಟೀಚರ್. ರೀಚಾರ್ಜ್ ಮುಗಿದರೆ ಮಾತೇ ಇಲ್ಲ,” ಎಂದಳು ಸಾಲು ಜೋಡಿಸಿದ ಹುಡುಗಿ. ಇದು ಕಲ್ಪನೆಯೋ ಅಲ್ಲವೋ ಎಂದು ನಾನು ಕೇಳಲಿಲ್ಲ.

ಅವಳ ಗುಂಪಿನಲ್ಲೇ ಜಗಳ ಹತ್ತಿತು. ಬೀಗ ಪ್ಲಾಟ್‌ಫಾರ್ಮಿನ ನಂತರ ಬರಲಿ ಎಂದು ಒಬ್ಬ ಹಟ ಹಿಡಿದ. ಆಗ ಯಾರೋ ಮುಂಬೈನಿಂದ ಬಂದು ಇಳಿಯುತ್ತಾರೆ, ಬಂದು ನೋಡಿದರೆ ಮನೆಯಲ್ಲಿ ಯಾರೂ ಇಲ್ಲ. ಚಿತ್ರ ಒಂದು ಗೇಣು ಬಲಕ್ಕೆ ಸರಿದದ್ದಷ್ಟೇ. ಹೋಗುವವರ ಕತೆ ಬರುವವರ ಕತೆಯಾಯಿತು. ವ್ಯಾಕರಣದಲ್ಲಿ ಕರ್ತೃ, ಕರ್ಮ ಎಂದು ವರ್ಷವಿಡೀ ಕೂಗಿದರೂ ಇಷ್ಟು ಲಕ್ಷ್ಯದಿಂದ ಅವರು ಕ್ರಮದ ಬಗ್ಗೆ ವಾದಿಸಿದ್ದನ್ನು ನಾನು ಕಂಡಿರಲಿಲ್ಲ.

ಸಿನಿಮಾ ಕಲಿಸುವವರಿಗೆ ಇದು ಹಳೆಯ ವಿಷಯ. ಕಳೆದ ಶತಮಾನದ ಆರಂಭದಲ್ಲಿ ರಷ್ಯಾದ ಲೆವ್ ಕುಲೆಶೋವ್ ಒಬ್ಬ ನಟನ ನಿರ್ಭಾವದ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನೊಂದಿಗೆ, ಒಮ್ಮೆ ಶವಪೆಟ್ಟಿಗೆಯೊಂದಿಗೆ ಜೋಡಿಸಿ ತೋರಿಸಿದನಂತೆ; ನೋಡಿದವರು ಅದೇ ಮುಖದಲ್ಲಿ ಹಸಿವನ್ನೂ ದುಃಖವನ್ನೂ ಕಂಡರಂತೆ. ನಮ್ಮ ಬೀಗಕ್ಕೂ ಆದದ್ದು ಅದೇ. ಒಂದು ಮಗ್ಗುಲಲ್ಲಿ ಅದು ಹಬ್ಬದ ಬೀಗ, ಇನ್ನೊಂದು ಮಗ್ಗುಲಲ್ಲಿ ಗುಳೆಯ ಬೀಗ.

ಪ್ರತಿ ಚಿತ್ರಕ್ಕೂ ಒಂದು ಸಾಲಿನ ಶೀರ್ಷಿಕೆ ಬರೆಯಿರಿ ಎಂದೆ. ಅದು ಅಷ್ಟು ಫಲಿಸಲಿಲ್ಲ. ‘ಚರಗಕ್ಕೆ ಹೋಗಿದ್ದೇವೆ’ ಎಂದು ಬರೆದೊಡನೆ ಬೀಗಕ್ಕೆ ಬೇರೆ ಅರ್ಥ ಉಳಿಯಲಿಲ್ಲ. ನಮ್ಮದೇ ಜಿಲ್ಲೆಯ ಸನ್ನತಿಯ ಬಳಿ, ಕನಗನಹಳ್ಳಿಯಲ್ಲಿ, ರಾಣಿಯ ಜೊತೆ ನಿಂತ ಅರಸನ ಶಿಲ್ಪವಿದೆ. ಬ್ರಾಹ್ಮೀ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂಬ ಬರಹ ಇರುವುದರಿಂದಲೇ ಅವನು ಅಶೋಕನೆಂದು ಗೊತ್ತಾಯಿತು. ಇತಿಹಾಸಕ್ಕೆ ಅಂಥ ಹೆಸರುಪಟ್ಟಿ ಬೇಕು. ಕತೆ ಕಟ್ಟುವ ಮಕ್ಕಳಿಗೆ ಅದನ್ನು ಕೊನೆಯವರೆಗೂ ಕೊಡದಿರುವುದೇ ಒಳ್ಳೆಯದು ಎಂದು ನನಗೆ ಅನ್ನಿಸುತ್ತದೆ. ಮುಂದಿನ ಸಲ ಶೀರ್ಷಿಕೆ ಇರುವುದಿಲ್ಲ.

ಗಂಟೆ ಹೊಡೆಯುವ ಹೊತ್ತಿಗೆ ಅದುವರೆಗೂ ಸುಮ್ಮನಿದ್ದ ಹುಡುಗನೊಬ್ಬ ಫೋಟೊ ಕೈಗೆತ್ತಿಕೊಂಡು ನೋಡಿ, “ಟೀಚರ್, ಇದು ನಮ್ಮ ದೊಡ್ಡಪ್ಪನ ಮನೆ. ಅವರು ಕಣ್ಣಿನ ಆಪರೇಷನ್ ಮಾಡಿಸಲು ಸೊಲ್ಲಾಪುರಕ್ಕೆ ಹೋಗಿದ್ದರು,” ಎಂದ.

ಹಾಗಾದರೆ ಕತೆ ಬದಲಿಸೋಣವೇ ಎಂದು ಎರಡೂ ಗುಂಪುಗಳನ್ನು ಕೇಳಿದೆ. ಯಾರೂ ಒಪ್ಪಲಿಲ್ಲ. “ಅದು ಅವರ ದೊಡ್ಡಪ್ಪನ ಮನೆ ಇರಬಹುದು, ನಮ್ಮ ಕತೆಯ ಮನೆ ಬೇರೆ,” ಎಂದಳು ಆ ಹುಡುಗಿ. ಹುಡುಗ ಸ್ವಲ್ಪ ಹೊತ್ತು ಯೋಚಿಸಿ, ಉಳಿದ ಫೋಟೊಗಳ ರಾಶಿಯಿಂದ ಕೋಳಿಯ ಚಿತ್ರವನ್ನು ಎತ್ತಿಕೊಂಡು ಬೀಗದ ಪಕ್ಕಕ್ಕೆ ಇಟ್ಟ. ದೊಡ್ಡಪ್ಪ ಊರಿಗೆ ಹೋದಾಗ ಅದಕ್ಕೆ ಕಾಳು ಹಾಕುವವನು ತಾನೇ ಎಂದು ಶುರು ಮಾಡಿದ.